ಬಫಲೋ ವೈಲ್ಡ್ ವಿಂಗ್ಸ್‌ನಲ್ಲಿ ಊಟ: ಹೋಗುವ ಮೊದಲು ನಮ್ಮಂಥವರು ಏನೇನು ತಿಳಿದಿರಬೇಕು?

ಹೊಸ ಕೊಲಂಬಸ್ ವಾಸಿ:
ಎಲ್ಲರಿಗೂ ನಮಸ್ಕಾರ. ಕೆಲಸದ ನಿಮಿತ್ತ ಮೈಸೂರಿನಿಂದ ಓಹಾಯೊ ರಾಜ್ಯದ ಕೊಲಂಬಸ್‌ಗೆ ಇತ್ತೀಚೆಗೆ ಬಂದಿದ್ದೇವೆ. ಮುಂದಿನ ಶನಿವಾರ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್‌ಬಾಲ್ ಪಂದ್ಯವನ್ನು, ವಿಂಗ್ಸ್ ಅಂದರೆ ಕೋಳಿ ರೆಕ್ಕೆಯ ತಿನಿಸಿಗೆ ಹೆಸರಾದ ಬಫಲೋ ವೈಲ್ಡ್ ವಿಂಗ್ಸ್ ಎಂಬ ಸ್ಪೋರ್ಟ್ಸ್ ಬಾರ್‌ನಲ್ಲಿ ಕುಳಿತು ನೋಡೋಣ, ಮನೆಯವರನ್ನೂ ಕರೆತನ್ನಿ ಎಂದು ಕಚೇರಿಯ ತಂಡದವರು ಆಹ್ವಾನಿಸಿದ್ದಾರೆ. ನಾನು ಕೋಳಿ, ಮೀನು ತಿನ್ನುತ್ತೇನೆ. ನನ್ನ ಹೆಂಡತಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಮಗಳಿಗೆ ಆರು ವರ್ಷ. ಅಲ್ಲಿ ಅವಳಿಗೂ ಅವಳ ತಾಯಿಗೂ ತಿನ್ನಲು ಏನಾದರೂ ಸಿಗುತ್ತದೆಯೇ, ಮಗುವನ್ನು ಬಾರ್ ಎಂಬ ಹೆಸರಿರುವ ಜಾಗಕ್ಕೆ ಕರೆದೊಯ್ಯಬಹುದೇ, ಬಿಲ್ಲು ಮತ್ತು ಟಿಪ್ಸ್ ವಿಚಾರದಲ್ಲಿ ಹೇಗೆ ನಡೆದುಕೊಳ್ಳಬೇಕು ಎಂಬುದನ್ನು ತಿಳಿದವರು ದಯವಿಟ್ಟು ಹೇಳಬೇಕು. ಅವರ ಮೆನುವಿನಲ್ಲಿ ಹೂಕೋಸಿನ ವಿಂಗ್ಸ್ ಕಂಡದ್ದರಿಂದ ಸ್ವಲ್ಪ ಧೈರ್ಯ ಬಂದಿದೆ.

ಓಲೆಂಟಾಂಜಿ ತೀರದವರು:
ಸ್ವಾಗತ. ತಾವು ಬಂದಿಳಿದಿರುವುದು ಆ ಹೋಟೆಲಿನ ಹುಟ್ಟೂರಿಗೇ. ನ್ಯೂಯಾರ್ಕ್ ರಾಜ್ಯದ ಬಫಲೋ ನಗರದಲ್ಲಿ ತಿಂದು ರೂಢಿಯಾಗಿದ್ದ ಕೋಳಿ ರೆಕ್ಕೆ ಇಲ್ಲೆಲ್ಲೂ ಸಿಗದಿದ್ದಾಗ ಜಿಮ್ ಡಿಸ್‌ಬ್ರೋ ಮತ್ತು ಸ್ಕಾಟ್ ಲೌರಿ ಎಂಬಿಬ್ಬರು 1982ರಲ್ಲಿ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಮೀಪದಲ್ಲಿ ತಾವೇ ಒಂದು ಅಂಗಡಿ ತೆರೆದರು. ಮೊದಲಿಟ್ಟ ಹೆಸರು ಬಫಲೋ ವೈಲ್ಡ್ ವಿಂಗ್ಸ್ ಅಂಡ್ ವೆಕ್; ವೆಕ್ ಎಂದರೆ ಮೇಲೆ ದಪ್ಪ ಉಪ್ಪು, ಕ್ಯಾರವೇ ಬೀಜ ಉದುರಿಸಿ ಬೇಯಿಸುವ ಆ ಕಡೆಯ ಬನ್ನು. ಬನ್ನು ಮೆನುವಿನಿಂದ ಹೋಯಿತು, ಹೆಸರಿನಿಂದಲೂ ಹೋಯಿತು, ಆದರೆ ಮೂರು ಡಬ್ಲ್ಯೂಗಳ ನೆನಪಿಗೆ ಹಳಬರು ಈಗಲೂ ಬಿಡಬ್ಲ್ಯೂ-ತ್ರೀ ಎನ್ನುವುದನ್ನು ನೀವು ಇಲ್ಲಿ ಕೇಳುತ್ತೀರಿ. ಕಂಪನಿ 2003ರಲ್ಲಿ ಷೇರು ಮಾರುಕಟ್ಟೆಗೆ ಬಂತು. 2018ರಲ್ಲಿ ಆರ್ಬೀಸ್ ಎಂಬ ಸ್ಯಾಂಡ್‌ವಿಚ್ ಹೋಟೆಲುಗಳ ಕಂಪನಿಯವರು ಸಾಲವೂ ಸೇರಿ ಸುಮಾರು 2.9 ಶತಕೋಟಿ ಡಾಲರಿಗೆ ಅದನ್ನು ಕೊಂಡರು. ಈಗ ಡಂಕಿನ್, ಬಾಸ್ಕಿನ್ ರಾಬಿನ್ಸ್‌ಗಳ ಒಡೆತನವಿರುವ ಇನ್‌ಸ್ಪೈರ್ ಬ್ರ್ಯಾಂಡ್ಸ್ ಎಂಬ ದೊಡ್ಡ ಕಂಪನಿಯ ಒಂದು ಭಾಗ ಅದು.

ಚರಿತ್ರೆ ಹಾಗಿರಲಿ. ತಮಗೆ ಮುಖ್ಯವಾದ ಸಂಗತಿ ಎಣ್ಣೆಯದು. ಈ ಚೈನಿನವರು ಅಮೆರಿಕದಲ್ಲಿ ಕರಿಯುವುದು ಎಣ್ಣೆಯಲ್ಲಿ ಅಲ್ಲ, ದನದ ಕೊಬ್ಬಿನಲ್ಲಿ. ಇದು ಗುಟ್ಟಿನ ಮಾತೇನೂ ಅಲ್ಲ. ಅಲರ್ಜಿ ಮತ್ತು ಪದಾರ್ಥಗಳ ಬಗ್ಗೆ ಅವರೇ ಪ್ರಕಟಿಸುವ ಮಾಹಿತಿಯಲ್ಲಿ ಬೀಫ್ ಶಾರ್ಟನಿಂಗ್ ಎಂದು ಬರೆದುಕೊಂಡಿದ್ದಾರೆ. ಆಲೂಗಡ್ಡೆ ಫ್ರೈಸ್, ಈರುಳ್ಳಿ ರಿಂಗ್ಸ್, ಮೊಝರೆಲ್ಲಾ ಸ್ಟಿಕ್ಸ್, ತಾವು ನೆಚ್ಚಿಕೊಂಡಿರುವ ಹೂಕೋಸಿನ ವಿಂಗ್ಸ್, ಎಲ್ಲವೂ ಬೇಯುವುದು ಅದೇ ಕೊಬ್ಬಿನಲ್ಲಿ. ಸಸ್ಯಾಹಾರಿಗಳು ಮಾತ್ರ ಇದನ್ನು ತಿಳಿದಿರಬೇಕು ಎಂದುಕೊಳ್ಳಬೇಡಿ. ಕೋಳಿ ತಿಂದು ದನದ ಮಾಂಸ ತಿನ್ನದ ತಮ್ಮಂಥವರಿಗೂ ಇದು ಅಷ್ಟೇ ಅನ್ವಯಿಸುತ್ತದೆ. ನಮ್ಮ ಕನ್ನಡಿಗರಲ್ಲೇ ವರ್ಷಗಟ್ಟಲೆ ಅಲ್ಲಿ ವಿಂಗ್ಸ್ ತಿಂದು, "ನಾವು ಬೀಫ್ ಮುಟ್ಟುವುದಿಲ್ಲ" ಎಂದು ಮೇಜಿನ ಮೇಲೆ ಕೈಯಿಟ್ಟು ಹೇಳುವವರಿದ್ದಾರೆ. ಅವರ ನೆಮ್ಮದಿ ಕೆಡಿಸುವುದು ನನ್ನ ಉದ್ದೇಶವಲ್ಲ, ಆದರೆ ಕೇಳಿದವರಿಗೆ ಹೇಳದಿರುವುದು ಸರಿಯಲ್ಲ.

ಬಸವನಗುಡಿಯಿಂದ ಬಾಸ್ಟನ್:
ಹೊರಗೆ ತಿನ್ನುವಾಗ ಇಷ್ಟೆಲ್ಲ ಕೆದಕುತ್ತ ಕುಳಿತರೆ ಈ ದೇಶದಲ್ಲಿ ನೀರು ಕುಡಿದು ಬದುಕಬೇಕಾಗುತ್ತದೆ. ತಂಡದವರು ಪ್ರೀತಿಯಿಂದ ಕರೆದಿದ್ದಾರೆ, ಹೋಗಿ, ನಾಲ್ಕು ಫ್ರೈಸ್ ತಿಂದು ಬನ್ನಿ. ಯಾವ ಕೊಬ್ಬು ಎಂದು ವಿಚಾರಿಸುತ್ತ ಹೋಗುವುದು ನನಗೆ ಅತಿಯೆನಿಸುತ್ತದೆ.

ಅಡುಗೆಮನೆ ಅಮೆರಿಕ:
ಬಾಸ್ಟನ್ ಅವರೇ, ತಿನ್ನುವುದೋ ಬಿಡುವುದೋ ಅವರವರ ಇಚ್ಛೆ, ಅದರಲ್ಲಿ ನನ್ನ ತಕರಾರಿಲ್ಲ. ಆದರೆ ವಿಚಾರಿಸುವುದನ್ನೇ ಅತಿ ಎನ್ನುವುದನ್ನು ನಾನು ಒಪ್ಪಲಾರೆ, ಏಕೆಂದರೆ ಈ ದೇಶದಲ್ಲಿ ಇಂದು ಹೋಟೆಲಿನವರು ಪದಾರ್ಥಗಳ ವಿಚಾರದಲ್ಲಿ ಇಷ್ಟಾದರೂ ಬಾಯಿಬಿಟ್ಟು ಹೇಳುತ್ತಿದ್ದಾರೆಂದರೆ ಅದರ ಹಿಂದೆ ವಿಚಾರಿಸಿದವರ ಪಾಲೂ ಇದೆ. ಮೆಕ್‌ಡೊನಾಲ್ಡ್ಸ್‌ನವರು 1990ರಲ್ಲಿ ದನದ ಕೊಬ್ಬನ್ನು ಬಿಟ್ಟು ಸಸ್ಯದ ಎಣ್ಣೆಗೆ ಬದಲಾದೆವೆಂದು ಸಾರಿದರು, ಆದರೆ ಫ್ರೈಸ್‌ಗೆ ಬೀಫ್‌ನಿಂದ ತೆಗೆದ ರುಚಿಕಾರಕವನ್ನು ಸೇರಿಸುವುದನ್ನು ಮುಂದುವರಿಸಿದರು. ಸಿಯಾಟಲ್‌ನಲ್ಲಿ 2001ರಲ್ಲಿ ಭಾರತೀಯ ಮೂಲದ ವಕೀಲರೊಬ್ಬರು ಮೊಕದ್ದಮೆ ಹೂಡಿದ ಮೇಲೆ ಕಂಪನಿ ಕ್ಷಮೆ ಕೇಳಿತು. 2002ರ ರಾಜಿಯಲ್ಲಿ ಹಿಂದೂ ಹಾಗೂ ಸಸ್ಯಾಹಾರಿ ಸಂಸ್ಥೆಗಳೂ ಸೇರಿದಂತೆ ಹಲವರಿಗಾಗಿ ಒಂದು ಕೋಟಿ ಡಾಲರ್ ತೆಗೆದಿಟ್ಟಿತು.

ಇನ್ನು ಮೂಲ ಪ್ರಶ್ನೆಗೆ ಬರುತ್ತೇನೆ. ಮೊಟ್ಟೆಯನ್ನೂ ತಿನ್ನದವರಿಗೆ ಅಲ್ಲಿ ಆಯ್ಕೆ ನಿಜಕ್ಕೂ ಕಡಿಮೆ. ವಿಂಗ್ಸ್ ಜೊತೆ ಅದ್ದಿಕೊಳ್ಳಲು ಕೊಡುವ ರ‍್ಯಾಂಚ್ ಮತ್ತು ಬ್ಲೂ ಚೀಸ್ ಡ್ರೆಸ್ಸಿಂಗ್‌ಗಳೆರಡಕ್ಕೂ ಸಾಮಾನ್ಯವಾಗಿ ಮೇಯೊನೇಸ್ ಬುನಾದಿ, ಅಂದರೆ ಮೊಟ್ಟೆ ಇದ್ದೇ ಇರುತ್ತದೆ. ಸೀಸರ್ ಡ್ರೆಸ್ಸಿಂಗ್‌ನಲ್ಲಿ ಮೊಟ್ಟೆಯ ಜೊತೆಗೆ ಆಂಚೊವಿ ಎಂಬ ಮೀನೂ ಇರುತ್ತದೆ. ಕಪ್ಪು ಬೀನ್ಸ್‌ನ ಬರ್ಗರ್ ಪ್ಯಾಟಿ ಒಡೆಯದಂತೆ ಹಿಡಿದಿಡಲು ಹಲವು ಕಡೆ ಮೊಟ್ಟೆ ಬಳಸುತ್ತಾರೆ, ಮತ್ತು ಅದು ದನದ ಮಾಂಸದ ಬರ್ಗರ್ ಬೆಂದ ತವೆಯ ಮೇಲೆಯೇ ಬೇಯುವ ಸಾಧ್ಯತೆ ಹೆಚ್ಚು. ಹಾಗಾಗಿ ಕರಿಯದ ಮ್ಯಾಕ್ ಅಂಡ್ ಚೀಸ್, ಮಾಂಸ ಹಾಕದ ಸಲಾಡ್‌ಗೆ ಬರಿಯ ಎಣ್ಣೆ ಮತ್ತು ವಿನೆಗರ್, ಸೆಲರಿ ದಂಟು, ಕ್ಯಾರೆಟ್, ಇಷ್ಟರಲ್ಲೇ ಮುಗಿಸಬೇಕಾಗುತ್ತದೆ. ನಾನಾದರೆ ಮನೆಯಲ್ಲಿ ಮೊಸರನ್ನವೋ ಉಪ್ಪಿಟ್ಟೋ ತಿಂದು ಹೋಗಿ, ಅಲ್ಲಿ ನಿಂಬೆ ಹಿಂಡಿದ ತಂಪು ಚಹಾ ಕುಡಿಯುತ್ತ ಕೂರುತ್ತೇನೆ. ಆ ಚಹಾ ಲೋಟವನ್ನು ಎಷ್ಟು ಬಾರಿ ತುಂಬಿಸಿಕೊಂಡರೂ ಬೇರೆ ದುಡ್ಡಿಲ್ಲ.

ಒಂದು ಕಿವಿಮಾತು. ಬಡಿಸಲು ಬಂದ ಹುಡುಗ ಹುಡುಗಿಯರ ಮಾತನ್ನೇ ಕೊನೆಯದೆಂದು ನಂಬಬೇಡಿ. ಬೇರೊಂದು ಚೈನ್ ಹೋಟೆಲಿನಲ್ಲಿ ನಮಗೆ "ವೆಜಿಟೆಬಲ್ ಆಯಿಲ್, ಖಂಡಿತ" ಎಂದು ನಗುನಗುತ್ತ ಹೇಳಿದ ಹುಡುಗಿ, ತಟ್ಟೆ ಮೇಜಿಗೆ ಬಂದ ಮೇಲೆ ಮ್ಯಾನೇಜರನ್ನು ಕರೆತಂದು ಹಾಗಲ್ಲವೆಂದು ತಿಳಿಸಿದಳು. ಅವಳ ತಪ್ಪೂ ಅಲ್ಲ. ಅಡುಗೆಮನೆಯ ಡಬ್ಬಿಯ ಮೇಲೆ ಏನು ಬರೆದಿದೆಯೆಂದು ಬಡಿಸುವವರು ಓದಿರಬೇಕೆಂದೇನಿಲ್ಲ. ಕಂಪನಿಯ ಜಾಲತಾಣದಲ್ಲಿರುವ ಪದಾರ್ಥಗಳ ಪಟ್ಟಿಯನ್ನು ಮನೆಯಲ್ಲೇ ಓದಿಕೊಂಡು ಹೋಗಿ.

ಭಟ್ಕಳದ ಬಂಧು:
ನಮ್ಮ ಸಮಸ್ಯೆಯೂ ಇದೇ ದಾರಿಯದು. ಹಲಾಲ್ ಪಾಲಿಸುವವರಿಗೆ ಅಲ್ಲಿ ಕೋಳಿಯೂ ಆಗುವುದಿಲ್ಲ, ಕೊಬ್ಬೂ ಆಗುವುದಿಲ್ಲ, ಹಾಗಾಗಿ ಫ್ರೈಸ್ ಕೂಡ ಬಿಟ್ಟಂತೆಯೇ. ನಾವಿರುವ ಮಿಶಿಗನ್ನಿನ ಡಿಯರ್‌ಬಾರ್ನ್ ಕಡೆ ಹಲಾಲ್ ವಿಂಗ್ಸ್ ಅಂಗಡಿಗಳಿಗೆ ಬರವಿಲ್ಲದ ಕಾರಣ ವಿಂಗ್ಸ್ ತಿನ್ನುವ ಆಸೆ ಅಲ್ಲಿ ತೀರುತ್ತದೆ. ಪಂದ್ಯ ನೋಡುವ ಆಸೆಗೆ ಸ್ಪೋರ್ಟ್ಸ್ ಬಾರ್‌ಗೆ ಹೋಗಿ ಕೋಕ್ ಹಿಡಿದು ಕೂರುತ್ತೇವೆ. ಸಹೋದ್ಯೋಗಿಗಳು ಇದಕ್ಕೆ ಮುಖ ಸಿಂಡರಿಸಿದ್ದನ್ನು ನಾನು ಕಂಡಿಲ್ಲ. ಒಮ್ಮೆ ಕಾರಣ ಹೇಳಿದರೆ ಮುಗಿಯಿತು, ಮುಂದಿನ ಸಲ ಅವರೇ ಜ್ಞಾಪಿಸಿಕೊಳ್ಳುತ್ತಾರೆ.

ಹೊಸ ಕೊಲಂಬಸ್ ವಾಸಿ:
ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಎಲ್ಲರಿಗೂ ಕೃತಜ್ಞತೆಗಳು. ಕರಿಯದ ಕೋಳಿ ಏನಾದರೂ ಸಿಗುತ್ತದೆಯೇ? ಖಾರದ ವಿಚಾರವೂ ಹೇಳಿ. ಮೆನುವಿನಲ್ಲಿ ಸಾಸ್‌ಗಳ ಹೆಸರುಗಳನ್ನು ಓದಿದರೆ ಹೆದರಿಕೆಯಾಗುತ್ತದೆ.

ಬ್ಯಾಡಗಿ ಬಾಯಿ:
ಗ್ರಿಲ್ ಮೇಲೆ ಬೇಯಿಸಿದ ಕೋಳಿಯನ್ನು ಸ್ಯಾಂಡ್‌ವಿಚ್‌ನಲ್ಲೋ ಸಲಾಡ್ ಮೇಲೋ ಕೇಳಿ ಪಡೆಯಬಹುದು. ಸಾಸ್ ಬೇಕೆಂದರೆ ಪಕ್ಕದಲ್ಲಿ ಪುಟ್ಟ ಬಟ್ಟಲಿನಲ್ಲಿ ಕೊಡುತ್ತಾರೆ. ನಿಜ ಹೇಳಬೇಕೆಂದರೆ ಅಲ್ಲಿ ರುಚಿಯೆಲ್ಲ ಇರುವುದು ಸಾಸ್‌ನಲ್ಲಿ. ಕೋಳಿ ಅದನ್ನು ಬಾಯಿಗೆ ಸಾಗಿಸುವ ಗಾಡಿಯಷ್ಟೇ.

ಮೂಲ ಬಫಲೋ ಸಾಸ್ ಬಹಳ ಸರಳವಾದದ್ದು. ಬಫಲೋ ನಗರದ ಆಂಕರ್ ಬಾರ್ ಎಂಬಲ್ಲಿ ಟೆರೆಸಾ ಬೆಲ್ಲಿಸ್ಸಿಮೊ ಅವರು 1964ರಲ್ಲಿ, ಅಲ್ಲಿಯವರೆಗೆ ಸೂಪಿನ ಪಾತ್ರೆಗೆ ಹೋಗುತ್ತಿದ್ದ ರೆಕ್ಕೆಗಳನ್ನು ಹಿಟ್ಟು ಹಚ್ಚದೆ ಕರಿದು, ಕೆಂಪು ಮೆಣಸಿನ ಸಾಸ್ ಮತ್ತು ಬೆಣ್ಣೆಯಲ್ಲಿ ಹೊರಳಿಸಿ, ಸೆಲರಿ ಮತ್ತು ಬ್ಲೂ ಚೀಸ್ ಜೊತೆ ಕೊಟ್ಟರೆಂಬುದು ಪ್ರಚಲಿತ ಕಥೆ. ಅದೇ ಊರಿನಲ್ಲಿ ಅದೇ ದಶಕದಲ್ಲಿ ಜಾನ್ ಯಂಗ್ ಎಂಬ ಆಫ್ರಿಕನ್ ಅಮೆರಿಕನ್ ಹೋಟೆಲಿಗರು ಹಿಟ್ಟು ಹಚ್ಚಿ ಕರಿದ ಇಡೀ ರೆಕ್ಕೆಯನ್ನು ಮಂಬೋ ಸಾಸ್‌ನಲ್ಲಿ ಮಾರುತ್ತಿದ್ದರು, ಅವರ ಹೆಸರನ್ನು ಬಹಳ ಕಾಲ ಯಾರೂ ಎತ್ತಲಿಲ್ಲ.

ಆ ಸಾಸ್‌ನಲ್ಲಿರುವುದು ಕಾಯೆನ್ ಮೆಣಸು ಮತ್ತು ವಿನೆಗರ್. ನಮ್ಮ ನಾಲಿಗೆಗೆ ಮೊದಲು ಎದುರಾಗುವುದು ಹುಳಿ, ಆಮೇಲೆ ಬೆಣ್ಣೆ, ಕಡೆಯಲ್ಲಿ ಖಾರ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ನೆನೆಸಿಕೊಂಡು ಆ ಕೆಂಪನ್ನು ನೋಡಿ ಅಂಜಬೇಕಾಗಿಲ್ಲ. ಮೈಲ್ಡ್, ಮೀಡಿಯಂ, ಹಾಟ್ ಎಂಬ ಮೂರೂ ಆಂಧ್ರದ ಗಡಿಯ ಊಟ ಉಂಡವರಿಗೆ ಏನೂ ಅನ್ನಿಸುವುದಿಲ್ಲ. ಮ್ಯಾಂಗೋ ಹಬನೆರೊ ಮಾತ್ರ ಸಿಹಿಯ ಮರೆಯಲ್ಲಿ ಬಂದು ಹೊಡೆಯುತ್ತದೆ; ಹಬನೆರೊ ಮೆಣಸಿನ ಖಾರ ಸ್ಕೋವಿಲ್ ಮಾಪನದಲ್ಲಿ 1 ಲಕ್ಷದಿಂದ 3.5 ಲಕ್ಷದವರೆಗೆ ಇರುತ್ತದೆ. ಬ್ಲೇಜಿನ್ ಎಂಬುದರಲ್ಲಿ ಕ್ಯಾರೊಲಿನಾ ರೀಪರ್ ಇದೆ. 2013ರಿಂದ 2023ರವರೆಗೆ ಗಿನ್ನೆಸ್ ದಾಖಲೆಯಲ್ಲಿ ಜಗತ್ತಿನ ಅತ್ಯಂತ ಖಾರದ ಮೆಣಸು ಎನಿಸಿಕೊಂಡಿದ್ದದ್ದು ಅದೇ, ಅದರ ಅಂಕಿ 15 ಲಕ್ಷವನ್ನು ದಾಟುತ್ತದೆ. ನಿಮಿಷಗಳ ಲೆಕ್ಕದಲ್ಲಿ ಆ ವಿಂಗ್ಸ್ ತಿಂದು ಮುಗಿಸುವ ಪಂಥವನ್ನು ಬಹಳ ಕಾಲದಿಂದ ನಡೆಸುತ್ತಾರೆ. ಭಾರತೀಯರೆಂಬ ಕಾರಣಕ್ಕೆ ಸಹೋದ್ಯೋಗಿಗಳು ತಮ್ಮನ್ನು ಅದಕ್ಕೆ ಹುರಿದುಂಬಿಸುತ್ತಾರೆ, ನಯವಾಗಿ ತಪ್ಪಿಸಿಕೊಳ್ಳಿ.

ವಿಂಗ್ಸ್ ತಿನ್ನುವುದಕ್ಕೂ ಒಂದು ಕ್ರಮವಿದೆ. ರೆಕ್ಕೆಯ ಎರಡು ತುಂಡುಗಳಲ್ಲಿ ಒಂದು ಪುಟ್ಟ ಕಾಲಿನಂತಿರುವ ಡ್ರಮ್, ಇನ್ನೊಂದು ಎರಡು ಎಲುಬುಗಳ ನಡುವೆ ಮಾಂಸವಿರುವ ಫ್ಲ್ಯಾಟ್. ಫ್ಲ್ಯಾಟ್‌ನ ಒಂದು ತುದಿಯಲ್ಲಿ ಸಣ್ಣ ಎಲುಬನ್ನು ಹಿಡಿದು ತಿರುಚಿ ಎಳೆದರೆ ಅದು ಹಾಗೇ ಹೊರಬರುತ್ತದೆ, ಉಳಿದದ್ದನ್ನು ಒಂದೇ ತುತ್ತಿಗೆ ಎಳೆದುಕೊಳ್ಳಬಹುದು. ಬಿಳಿ ಅಂಗಿ ತೊಟ್ಟು ಹೋಗಬೇಡಿ. ಸಾಸ್ ಹತ್ತಿದ ಕೈಯಿಂದ ಕಣ್ಣು ಮುಟ್ಟಿಕೊಳ್ಳದಂತೆ ಮಗಳನ್ನು ನೋಡಿಕೊಳ್ಳಿ.

ಎರಡು ತಲೆಮಾರು ಇಲ್ಲೇ:
ಟಿಪ್ಸ್ ವಿಚಾರವನ್ನು ಯಾರೂ ಮುಟ್ಟದ ಕಾರಣ ಬರೆಯುತ್ತಿದ್ದೇನೆ. ನನ್ನ ಮಗ ಕಾಲೇಜಿನಲ್ಲಿ ಓದುವಾಗ ಇಂಥದ್ದೇ ಒಂದು ಹೋಟೆಲಿನಲ್ಲಿ ಸರ್ವರ್ ಆಗಿ ದುಡಿದಿದ್ದ, ಹೀಗಾಗಿ ನಾನು ಮೇಜಿನ ಆ ಬದಿಯನ್ನೂ ಬಲ್ಲೆ. ಕೇಂದ್ರ ಸರ್ಕಾರದ ಕಾನೂನಿನಂತೆ ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕರು ಕೊಡಲೇಬೇಕಾದ ಕನಿಷ್ಠ ಕೂಲಿ ಗಂಟೆಗೆ 2.13 ಡಾಲರ್, ಅದು 1991ರಿಂದ ಒಂದು ಸೆಂಟೂ ಏರಿಲ್ಲ. ಓಹಾಯೊದಲ್ಲಿ ರಾಜ್ಯದ ಕನಿಷ್ಠ ಕೂಲಿಯ ಅರ್ಧದಷ್ಟನ್ನು ಕೊಡಬೇಕು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿನೆಸೋಟ ಮೊದಲಾದ ಕೆಲವು ರಾಜ್ಯಗಳಲ್ಲಿ ಮಾತ್ರ ಪೂರ್ಣ ಕನಿಷ್ಠ ಕೂಲಿ ಸಲ್ಲಬೇಕು. ಬೇರೆ ರಾಜ್ಯಗಳಲ್ಲಿ ಉಳಿದದ್ದು ಬಹುಮಟ್ಟಿಗೆ ಗಿರಾಕಿಯ ಕೈಯಿಂದ ಬರಬೇಕು.

ಸ್ಪೋರ್ಟ್ಸ್ ಬಾರ್‌ನಲ್ಲಿ ಇದು ಇನ್ನಷ್ಟು ಬಿಗಿಯಾಗುತ್ತದೆ. ಫುಟ್‌ಬಾಲ್ ಪಂದ್ಯದ ಗಡಿಯಾರದಲ್ಲಿ ಇರುವುದು 60 ನಿಮಿಷ, ಆದರೆ ಜಾಹೀರಾತು, ವಿರಾಮ, ಮರುಪರಿಶೀಲನೆಗಳೆಲ್ಲ ಸೇರಿ ಮೂರು ಗಂಟೆ ದಾಟುತ್ತದೆ. ಬೇರೆ ಹೋಟೆಲಿನಲ್ಲಿ ಅಷ್ಟು ಹೊತ್ತಿಗೆ ಒಂದು ಮೇಜಿನಲ್ಲಿ ಎರಡು ಮೂರು ಪಂಕ್ತಿ ಎದ್ದುಹೋಗಿರುತ್ತವೆ. ನಮ್ಮವರು ಒಂದು ತಟ್ಟೆ ಫ್ರೈಸ್, ಆರು ಲೋಟ ನೀರು ಇಟ್ಟುಕೊಂಡು ಮೂರು ಗಂಟೆ ಕುಳಿತು, ಬಿಲ್ಲಿನ ಹತ್ತು ಶೇಕಡಾ ಇಟ್ಟು ಎದ್ದರೆ ಆ ಮೇಜಿನ ಹುಡುಗನ ಸಂಜೆ ಹೋದಂತೆ. ಸಾಮಾನ್ಯ ಊಟಕ್ಕೆ 18ರಿಂದ 20 ಶೇಕಡಾ ಸರಿ. ಹೀಗೆ ಬೀಡುಬಿಟ್ಟು ಕೂರುವುದಾದರೆ ಕಾಲದ ಲೆಕ್ಕ ಹಾಕಿ ಕೊಡಿ, ಶೇಕಡಾವಾರು ಲೆಕ್ಕ ಬಿಟ್ಟುಬಿಡಿ. ಇನ್ನು ಎಂಟು ಹತ್ತು ಜನರ ಗುಂಪಿಗೆ ಹಲವು ಹೋಟೆಲುಗಳು ಟಿಪ್ಸ್ ಅನ್ನು ಬಿಲ್ಲಿನಲ್ಲೇ ಸೇರಿಸುವುದರಿಂದ ಸಹಿ ಹಾಕುವ ಮೊದಲು ಆ ಸಾಲನ್ನು ಓದಿ. ಬಿಲ್ಲು ಕುಟುಂಬವಾರು ಬೇರೆ ಬೇರೆ ಬೇಕಿದ್ದರೆ ಆರ್ಡರ್ ಕೊಡುವ ಮೊದಲೇ ತಿಳಿಸಬೇಕು. ಎಲ್ಲ ಮುಗಿದ ಮೇಲೆ ಒಂಬತ್ತು ಕಾರ್ಡುಗಳನ್ನು ಮುಂದಿಡುವುದು ಮರ್ಯಾದೆಯಲ್ಲ.

ಬಸವನಗುಡಿಯಿಂದ ಬಾಸ್ಟನ್:
ಟಿಪ್ಸ್ ಬಗ್ಗೆ ತಾವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ಆದರೆ ಮಾಲೀಕರು ಕೊಡಬೇಕಾದ ಸಂಬಳವನ್ನು ಗಿರಾಕಿಯ ಆತ್ಮಸಾಕ್ಷಿಗೆ ಕಟ್ಟಿಹಾಕಿರುವ ಈ ಪದ್ಧತಿಯನ್ನು ಮಾತ್ರ ಒಪ್ಪಲಾರೆ. ಇನ್ನೊಂದು ಪ್ರಶ್ನೆ: ಎಲುಬಿಲ್ಲದ ವಿಂಗ್ಸ್ ಮಕ್ಕಳಿಗೆ ಕ್ಷೇಮವಲ್ಲವೇ? ಅದನ್ನೇಕೆ ಯಾರೂ ಸೂಚಿಸಲಿಲ್ಲ?

ಓಲೆಂಟಾಂಜಿ ತೀರದವರು:
ಬೋನ್‌ಲೆಸ್ ವಿಂಗ್ಸ್‌ನಲ್ಲಿ ರೆಕ್ಕೆಯೇ ಇರುವುದಿಲ್ಲ. ಎದೆಯ ಮಾಂಸವನ್ನು ತುಂಡರಿಸಿ ಹಿಟ್ಟಿನಲ್ಲಿ ಹೊರಳಿಸಿ ಕರಿದದ್ದು ಅದು, ಮತ್ತು ಕರಿಯುವುದು ಮೇಲೆ ಹೇಳಿದ ಕೊಬ್ಬಿನಲ್ಲೇ. ರೆಕ್ಕೆಯಲ್ಲದ್ದನ್ನು ವಿಂಗ್ಸ್ ಎಂದು ಮಾರುತ್ತಾರೆಂದು 2023ರಲ್ಲಿ ಷಿಕಾಗೊದಲ್ಲಿ ಒಬ್ಬ ಗಿರಾಕಿ ಈ ಚೈನಿನ ಮೇಲೆ ದಾವೆ ಹೂಡಿದರು. ನಮ್ಮ ಓಹಾಯೊದ ಪ್ರಕರಣ ಅದಕ್ಕಿಂತ ಗಂಭೀರವಾದದ್ದು. ಬೇರೊಂದು ಹೋಟೆಲಿನಲ್ಲಿ ಬೋನ್‌ಲೆಸ್ ವಿಂಗ್ಸ್ ತಿಂದವರೊಬ್ಬರ ಗಂಟಲಿಗೆ ಎಲುಬಿನ ಚೂರು ಸಿಕ್ಕಿ ದೊಡ್ಡ ಚಿಕಿತ್ಸೆಗಳೇ ಬೇಕಾದವು. ಜುಲೈ 2024ರಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯವು ನಾಲ್ಕಕ್ಕೆ ಮೂರರ ಬಹುಮತದಿಂದ, ಬೋನ್‌ಲೆಸ್ ಎಂಬುದು ಅಡುಗೆಯ ಶೈಲಿಯನ್ನು ಸೂಚಿಸುತ್ತದೆಯೇ ಹೊರತು ಎಲುಬೇ ಇರುವುದಿಲ್ಲವೆಂಬ ಭರವಸೆಯಲ್ಲ ಎಂದು ತೀರ್ಪಿತ್ತಿತು. ನನಗೆ ಆ ತೀರ್ಪು ವಿಚಿತ್ರವೆನಿಸುತ್ತದೆ, ಆದರೆ ಮಗುವಿಗೆ ಕೊಡುವ ಮುನ್ನ ಪ್ರತಿ ತುಂಡನ್ನೂ ಬಿಡಿಸಿ ನೋಡಿ.

ದರದ ಬಗ್ಗೆ ಒಂದು ಮಾತು. ಒಂದು ಕೋಳಿಗೆ ಎರಡೇ ರೆಕ್ಕೆ. ಬೇಡಿಕೆ ಏರಿದಾಗಲೆಲ್ಲ ರೆಕ್ಕೆಯ ಬೆಲೆ ಜಿಗಿಯುತ್ತದೆ. ಅಮೆರಿಕನ್ ಫುಟ್‌ಬಾಲಿನ ವರ್ಷದ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನ ವಾರಾಂತ್ಯದಲ್ಲಿ ಅಮೆರಿಕನ್ನರು 140 ಕೋಟಿಗೂ ಹೆಚ್ಚು ವಿಂಗ್ಸ್ ತಿನ್ನುತ್ತಾರೆಂದು ಕೋಳಿ ಉದ್ಯಮದ ರಾಷ್ಟ್ರೀಯ ಮಂಡಳಿ ಇತ್ತೀಚಿನ ವರ್ಷಗಳಲ್ಲಿ ಅಂದಾಜಿಸಿದೆ. 2013ರಲ್ಲಿ ಬಫಲೋ ವೈಲ್ಡ್ ವಿಂಗ್ಸ್‌ನವರು ಎಣಿಸಿ ಮಾರುವುದನ್ನು ಬಿಟ್ಟು ಸಣ್ಣದು, ದೊಡ್ಡದು ಎಂಬ ಅಳತೆಯಲ್ಲಿ ಮಾರತೊಡಗಿದ್ದರು. ಕೋಳಿಗಳ ಗಾತ್ರ ಬೆಳೆದು ಹತ್ತು ರೆಕ್ಕೆ ಕೊಟ್ಟರೆ ನಷ್ಟವಾಗುತ್ತಿತ್ತು. ಆಮೇಲೆ ಮತ್ತೆ ಎಣಿಕೆಗೇ ಮರಳಿದರು. ಹಲವು ವರ್ಷಗಳಿಂದ ಮಂಗಳವಾರ ಎಲುಬಿನ ವಿಂಗ್ಸ್‌ಗೆ, ಗುರುವಾರ ಬೋನ್‌ಲೆಸ್‌ಗೆ ಒಂದು ಕೊಂಡರೆ ಇನ್ನೊಂದಕ್ಕೆ ರಿಯಾಯಿತಿ ಎಂಬಂಥ ಕೊಡುಗೆ ನಡೆಸುತ್ತ ಬಂದಿದ್ದಾರೆ, ಶನಿವಾರ ಪೂರ್ತಿ ಬೆಲೆಯೇ.

ಶನಿವಾರದ ಗದ್ದಲಕ್ಕೆ ಮಗಳನ್ನು ಸಿದ್ಧಪಡಿಸಿ. ಗೋಡೆ ತುಂಬ ಪರದೆಗಳು, ಪ್ರತಿಯೊಂದರಲ್ಲೂ ಬೇರೆ ಪಂದ್ಯ, ಧ್ವನಿ ಮಾತ್ರ ಒಂದರದ್ದು. ಯಾರೋ ಮೂಲೆಯಿಂದ "ಓ-ಎಚ್" ಎಂದು ಕೂಗಿದರೆ ಇಡೀ ಹೋಟೆಲು "ಐ-ಓ" ಎಂದು ಓಹಾಯೊ ಹೆಸರಿನ ಅಕ್ಷರಗಳನ್ನು ಪೂರ್ಣಗೊಳಿಸಿ ಮಾರ್ದನಿಗೊಡುತ್ತದೆ. ಓಹಾಯೊ ಸ್ಟೇಟ್ ತಂಡ ಜನವರಿ 2025ರಲ್ಲಿ ನೋಟರ್ ಡೇಮ್ ವಿಶ್ವವಿದ್ಯಾಲಯದ ತಂಡವನ್ನು ಸೋಲಿಸಿ ರಾಷ್ಟ್ರೀಯ ಚಾಂಪಿಯನ್ ಆದ ಮೇಲಂತೂ ಕೇಳಲೇಬೇಡಿ. ಆಟದ ನಿಯಮ ಗೊತ್ತಿಲ್ಲದವರಿಗೂ ಆ ಹೊತ್ತಿನಲ್ಲಿ ಅಲ್ಲಿರುವುದು ಖುಷಿ ಕೊಡುತ್ತದೆ, ನನ್ನ ಮಟ್ಟಿಗೆ ಆ ಹೋಟೆಲಿಗೆ ಹೋಗಲು ಅದೊಂದೇ ಕಾರಣ ಸಾಕು. ಊಟದ ಗುಣಕ್ಕೆ ಅಷ್ಟು ದೂರ ಕಾರು ಓಡಿಸಬೇಕಾಗಿಲ್ಲ.

ಚಿಕ್ಕಮಗಳೂರು ಇಲೆವೆನ್:
ಕ್ರಿಕೆಟ್ ಹಾಕುತ್ತಾರೆಯೇ ಎಂದು ಇನ್ನೂ ಯಾರೂ ಕೇಳಿಲ್ಲವೆಂಬುದೇ ಆಶ್ಚರ್ಯ. ಕೇಳಿದರೆ ಕೆಲವು ಕಡೆ ಹಾಕುತ್ತಾರೆ, ಆದರೆ ನಮ್ಮ ಫೋನಿನಲ್ಲಿರುವ ವಿಲೋ ಎಂಬ ಕ್ರಿಕೆಟ್ ವಾಹಿನಿಯ ಚಂದಾದಾರಿಕೆಯಿಂದ ಪರದೆಗೆ ಜೋಡಿಸಿ ಎನ್ನಲಾಗದು. ಮನೆಯ ಚಂದಾ ಸಾರ್ವಜನಿಕ ಪ್ರದರ್ಶನಕ್ಕೆ ಸಲ್ಲುವುದಿಲ್ಲ, ಹೋಟೆಲಿನವರು ವಾಣಿಜ್ಯ ಹಕ್ಕು ಪಡೆದಿರಬೇಕು. ಇನ್ನೊಂದು ತೊಡಕು ಸಮಯದ್ದು. ಐಪಿಎಲ್ ಸಂಜೆಯ ಪಂದ್ಯ ಭಾರತದಲ್ಲಿ 7.30ಕ್ಕೆ ಆರಂಭವಾದರೆ ಕೊಲಂಬಸ್‌ನಲ್ಲಿ ಬೆಳಗಿನ ಹತ್ತು ಗಂಟೆ, ಕ್ಯಾಲಿಫೋರ್ನಿಯಾದಲ್ಲಿ ಏಳು. ಇಂಥ ಬಾರ್‌ಗಳ ಬಾಗಿಲು ತೆರೆಯುವುದೇ ಸಾಮಾನ್ಯವಾಗಿ ಹನ್ನೊಂದಕ್ಕೆ. ಜೂನ್ 3, 2025ರಂದು ಆರ್‌ಸಿಬಿ ಪಂಜಾಬನ್ನು 6 ರನ್ನುಗಳಿಂದ ಸೋಲಿಸಿ ಮೊದಲ ಬಾರಿ ಕಪ್ ಎತ್ತಿದ ಹೊತ್ತಿಗೆ ಇಲ್ಲಿ ಮಧ್ಯಾಹ್ನ, ಅದೂ ಮಂಗಳವಾರ. ನಮ್ಮಲ್ಲಿ ಹೆಚ್ಚಿನವರು ಕಚೇರಿಯ ಮೀಟಿಂಗಿನ ನಡುವೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದೆವು.

ಇದಕ್ಕೆ ಅಪವಾದವಾಗಿದ್ದದ್ದು ಜೂನ್ 2024ರ ಟಿ-ಟ್ವೆಂಟಿ ವಿಶ್ವಕಪ್. ಡಲ್ಲಾಸ್ ಬಳಿಯ ಗ್ರ್ಯಾಂಡ್ ಪ್ರೇರಿಯಲ್ಲಿ ಅಮೆರಿಕ ತಂಡ ಪಾಕಿಸ್ತಾನವನ್ನು ಸೂಪರ್ ಓವರ್‌ನಲ್ಲಿ ಸೋಲಿಸಿದ ದಿನ ಮೂರು ವಿಕೆಟ್ ಕಿತ್ತ ನೊಸ್ತುಷ್ ಕೆಂಜಿಗೆ ಅಲಬಾಮಾದಲ್ಲಿ ಹುಟ್ಟಿದ, ಕರ್ನಾಟಕದಲ್ಲಿ ಬೆಳೆದ ಹುಡುಗ. ಆ ವಾರ ಫುಟ್‌ಬಾಲ್ ಬಿಟ್ಟು ಬೇರೇನೂ ನೋಡದ ನನ್ನ ಸಹೋದ್ಯೋಗಿಗಳೂ ಸೂಪರ್ ಓವರ್ ಎಂದರೇನೆಂದು ಕೇಳಿಕೊಂಡು ಬಂದಿದ್ದರು. ಬಾರ್‌ನಲ್ಲಿ ಕ್ರಿಕೆಟ್ ನೋಡಬೇಕೆಂದರೆ ಎರಡು ದಿನ ಮೊದಲೇ ಮ್ಯಾನೇಜರಿಗೆ ಫೋನ್ ಮಾಡಿ, ಹತ್ತು ಹದಿನೈದು ಜನ ಬರುತ್ತೇವೆಂದು ಹೇಳಿ. ವಾರದ ದಿನ ಖಾಲಿ ಬಿದ್ದಿರುವ ಮೂಲೆಯ ಪರದೆಯೊಂದನ್ನು ಬಿಟ್ಟುಕೊಡಲು ಅವರಿಗೂ ಕಷ್ಟವಿಲ್ಲ. ಓಹಾಯೊ ಸ್ಟೇಟ್ ಆಡುವ ಶನಿವಾರ ಮಾತ್ರ ಕೇಳಲು ಹೋಗಬೇಡಿ.

ಅಡುಗೆಮನೆ ಅಮೆರಿಕ:
ಮಗುವಿನ ಬಗ್ಗೆ ಕೇಳಿದ್ದಕ್ಕೆ ಯಾರೂ ಉತ್ತರಿಸಿದಂತಿಲ್ಲ. ಮೇಜು ಹಾಕಿರುವ ಊಟದ ಭಾಗಕ್ಕೆ ಮಕ್ಕಳು ಬರಬಹುದು, ಅವರಿಗೆ ಬೇರೆ ಮೆನುವೂ ಇದೆ. ಮದ್ಯ ಸುರಿಯುವ ಕಟ್ಟೆಯ ಎದುರಿನ ಎತ್ತರದ ಕುರ್ಚಿಗಳಲ್ಲಿ ಕೂರಿಸುವುದು ಬೇಡ. ಬಿಯರ್ ಕೇಳುವವರಿಗೆ 21 ತುಂಬಿರಬೇಕು, ತಲೆ ನರೆತವರನ್ನೂ ಗುರುತಿನ ಚೀಟಿ ಕೇಳುತ್ತಾರೆ. ಓಹಾಯೊದ ಚಾಲನಾ ಪರವಾನಗಿ ಇನ್ನೂ ಕೈಗೆ ಬಂದಿರದಿದ್ದರೆ ಪಾಸ್‌ಪೋರ್ಟನ್ನೇ ಒಯ್ಯಿರಿ, ಭಾರತದ ಲೈಸೆನ್ಸ್ ತೋರಿಸಿದರೆ ಹಲವು ಕಡೆ ಒಪ್ಪುವುದಿಲ್ಲ. ಪಂದ್ಯ ಮಧ್ಯಾಹ್ನ ಹನ್ನೆರಡಕ್ಕಿದ್ದರೆ ಹನ್ನೊಂದಕ್ಕೇ ಹೋಗಿ ಮೇಜು ಹಿಡಿಯಿರಿ.